ಜಿಗಿತಕ್ಕೆ ಮುಂಚಿನ ತಗ್ಗು

ಒಂದು ಸೀಮೆಸುಣ್ಣ, ಒಂದು ಗೋಡೆ ಇದ್ದರೆ ಸಾಕು, ಈ ಅಧ್ಯಾಯದ ಪ್ರಯೋಗವನ್ನು ಮನೆಯಲ್ಲೇ ಮಾಡಿ ನೋಡಬಹುದು. ಬಲಗೈ ಬೆರಳಿನ ತುದಿಗೆ ಸುಣ್ಣ ಸವರಿಕೊಂಡು ಗೋಡೆಯ ಪಕ್ಕ ನಿಲ್ಲಿ. ಬಲಗೈ ಮೇಲೆತ್ತಿರಲಿ, ಎಡಗೈ ಸೊಂಟದ ಮೇಲಿರಲಿ. ಮಂಡಿ ಮಡಿಸಿ ಅರ್ಧ ಕೂತಂತೆ ತಗ್ಗಿ, ಮೂರು ಎಣಿಸುವವರೆಗೆ ಅಲ್ಲಾಡದೆ ಹಾಗೇ ಇರಿ. ಈಗ ಕೂದಲೆಳೆಯಷ್ಟೂ ಇನ್ನೂ ಕೆಳಗೆ ಹೋಗದೆ ಇದ್ದಲ್ಲಿಂದಲೇ ಮೇಲಕ್ಕೆ ಜಿಗಿದು ಗೋಡೆ ಮುಟ್ಟಿ. ಅದು ಮೊದಲ ಗುರುತು.

ಸ್ವಲ್ಪ ಸುಧಾರಿಸಿಕೊಂಡು ಎರಡನೆಯ ಸಲ ನಿಮಗೆ ಸಹಜವಾಗಿ ಬಂದಂತೆ ಜಿಗಿಯಿರಿ. ನೆಟ್ಟಗೆ ನಿಂತಿದ್ದವರು ಸರಕ್ಕನೆ ತಗ್ಗುತ್ತೀರಿ, ತಗ್ಗಿದ್ದೇ ತಡ ಚಿಮ್ಮುತ್ತೀರಿ. ಎರಡನೆಯ ಗುರುತು ಮೊದಲನೆಯದಕ್ಕಿಂತ ಮೇಲೆ ಬೀಳುತ್ತದೆ. ಹೆಚ್ಚಿನವರಲ್ಲಿ ಈ ಅಂತರ 2ರಿಂದ 4 ಸೆಂಟಿಮೀಟರ್.

ಇದನ್ನು ನಮಗೆ ಯಾರೂ ಕಲಿಸಿಕೊಟ್ಟಿಲ್ಲ. ಕೈಗೆಟುಕದ ಸೀಬೆಕಾಯಿಗೆ ಹಾರುವ ಮಗು ಮೊದಲು ತಗ್ಗುತ್ತದೆ. ಕಲ್ಲೆಸೆಯುವವನ ತೋಳು ಮೊದಲು ಹಿಂದಕ್ಕೆ ಹೋಗುತ್ತದೆ. ಕೊಡಲಿ ಬೀಸುವವನ ಸೊಂಟ ಮೊದಲು ಹಿಂದಕ್ಕೆ ಬಾಗುತ್ತದೆ. ಆದರೆ ಒಂದು ಗಳಿಗೆ ಯೋಚಿಸಿ ನೋಡಿ. ಮೇಲಕ್ಕೆ ಹೋಗಬೇಕಾದವರು ಕೆಳಕ್ಕೆ ಇಳಿದರೆ, ಆ ಇಳಿತವನ್ನು ತಡೆದು ನಿಲ್ಲಿಸುವ ಕೆಲಸವೂ ಕಾಲಿನ ತಲೆಗೇ ಬರುತ್ತದೆ. ಕೆಲಸ ಎರಡಾಯಿತು. ಆದರೂ ಜಿಗಿತ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ತೊಡೆಯ ಸ್ನಾಯುವೂ ಅದೇ, ಮೈಭಾರವೂ ಅದೇ. ಹಾಗಾದರೆ ಆ ಎರಡು ಬೆರಳಗಲದ ಎತ್ತರ ಎಲ್ಲಿಂದ ಬಂತು?

ಸ್ನಾಯುವಿನ ಮೂರು ಕೆಲಸಗಳು

ಸ್ನಾಯುವಿನ ಕೆಲಸ ಏನು ಎಂದು ಕೇಳಿದರೆ ನಮ್ಮ ಬಾಯಿಗೆ ಬರುವ ಉತ್ತರ "ಕುಗ್ಗುವುದು". ಶಾಲೆಯಲ್ಲಿ ತೋಳು ಮಡಿಸಿ ಉಬ್ಬಿದ ರಟ್ಟೆ ತೋರಿಸಿ ಕಲಿಸಿದ್ದು ಅದನ್ನೇ. ಆದರೆ ಬಾವಿಯಿಂದ ನೀರು ಸೇದುವವರ ತೋಳನ್ನು ಗಮನಿಸಿ. ತುಂಬಿದ ಕೊಡವನ್ನು ಮೇಲಕ್ಕೆಳೆಯುವಾಗ ಸ್ನಾಯು ಬಲ ಹಾಕುತ್ತಾ ಕುಗ್ಗುತ್ತದೆ. ನಡುವೆ ಉಸಿರು ತೆಗೆದುಕೊಳ್ಳಲು ಹಗ್ಗ ಹಿಡಿದು ನಿಂತಾಗ, ಬಲ ಹಾಕುತ್ತಲೇ ಇದ್ದರೂ ಉದ್ದ ಬದಲಾಗುವುದಿಲ್ಲ. ಕೊಡವನ್ನು ಕಟ್ಟೆಯ ಮೇಲೆ ಸದ್ದಾಗದಂತೆ ಇಳಿಸುವಾಗ ಅದೇ ಸ್ನಾಯು ಬಲ ಹಾಕುತ್ತಲೇ ಹಿಗ್ಗುತ್ತದೆ. ಎಳೆಯುವುದು, ಹಿಡಿಯುವುದು, ಇಳಿಸುವುದು: ಸ್ನಾಯುವಿಗೆ ಮೂರು ಕೆಲಸ.

ಈ ಮೂರನೆಯ ಕೆಲಸ ವಿಚಿತ್ರವಾದದ್ದು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರಿಗೆ ಅದರ ಅರ್ಧ ಪರಿಚಯ ಇದ್ದೇ ಇದೆ. ಹತ್ತುವಾಗ ಏದುಸಿರು, ಎದೆಬಡಿತ. ಇಳಿಯುವಾಗ ಮಾತಾಡಿಕೊಂಡೇ ಇಳಿಯಬಹುದು. ಇಳಿಯುವ ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತಡೆಯುವುದು ಹತ್ತುವಾಗ ಎತ್ತಿದ ಅದೇ ತೊಡೆಯ ಸ್ನಾಯು. ಬಲ ಕಡಿಮೆಯೇನಲ್ಲ, ಖರ್ಚು ಮಾತ್ರ ತೀರಾ ಕಡಿಮೆ. ಮರುದಿನ ಎದ್ದು ನಿಲ್ಲಲಾಗದಂತೆ ತೊಡೆ ನೋಯುವುದಕ್ಕೆ ಹೆಚ್ಚಿನ ಕಾರಣವೂ ಆ ಸುಲಭದ ಇಳಿತವೇ. ಬಲ ಹಾಕುತ್ತಲೇ ಹಿಗ್ಗಿದ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬಿದ್ದಿರುತ್ತದೆ.

ಲಂಡನ್ನಿನಲ್ಲಿ ಅಬಟ್, ಬ್ರೆಂಡಾ ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ವಿಜ್ಞಾನಿಗಳು 1952ರಲ್ಲಿ ಖರ್ಚಿನ ಈ ವ್ಯತ್ಯಾಸವನ್ನು ಅಳೆದು ತೋರಿಸಿದರು. ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಒಂದೇ ಸರಪಳಿಯಿಂದ ಬಿಗಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು. ಇನ್ನೊಬ್ಬರ ಪೆಡಲ್ ಹಿಮ್ಮುಖವಾಗಿ ತಿರುಗುತ್ತದೆ, ಅವರು ಅದನ್ನು ತಡೆಯಲು ಯತ್ನಿಸಬೇಕು. ಇಬ್ಬರ ಕಾಲೂ ಒಂದೇ ಬಲ ಹಾಕುತ್ತಿತ್ತು, ಒಂದೇ ವೇಗದಲ್ಲಿ ತಿರುಗುತ್ತಿತ್ತು. ಆದರೆ ತುಳಿಯುವವರು ಸೇವಿಸಿದ ಆಮ್ಲಜನಕ ತಡೆಯುವವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಪೆಡಲಿನ ವೇಗ ಏರಿದಂತೆ ಈ ಅಂತರವೂ ಏರಿತು.

ಹಿಗ್ಗುವ ಸ್ನಾಯು ಕಡಿಮೆ ಖರ್ಚಿನಲ್ಲಿ ಹೆಚ್ಚು ಬಲ ಕೊಡುತ್ತದೆ ಎಂದಾಯಿತು. ಏಕೆ ಎಂದು ತಿಳಿಯಲು ಸ್ನಾಯುವಿನೊಳಗೆ ಇಳಿಯಬೇಕು.

ಒಳಗೊಂದು ಹಗ್ಗಜಗ್ಗಾಟ

ಸ್ನಾಯುವಿನ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕುಂಟೆಬಿಲ್ಲೆ ಆಟದ ಅಂಕಣದಂತೆ ಸಾಲಾಗಿ ಮನೆಗಳು ಕಾಣುತ್ತವೆ. ಇವುಗಳನ್ನು ನಾವು ಸ್ನಾಯುಮನೆ ಎನ್ನೋಣ, ವಿಜ್ಞಾನದ ಪುಸ್ತಕಗಳಲ್ಲಿ ಇವುಗಳ ಹೆಸರು ಸಾರ್ಕೋಮಿಯರ್. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥ 400ಕ್ಕೂ ಹೆಚ್ಚು ಮನೆಗಳಿರುತ್ತವೆ. ಪ್ರತಿ ಮನೆಯಲ್ಲೂ ಎರಡು ಬಗೆಯ ದಾರಗಳು: ತೆಳುವಾದ ಆಕ್ಟಿನ್, ದಪ್ಪನೆಯ ಮಯೋಸಿನ್. ದಪ್ಪ ದಾರದಿಂದ ನೂರಾರು ಪುಟ್ಟ ಕೊಕ್ಕೆಗಳು ಚಾಚಿಕೊಂಡಿರುತ್ತವೆ. ಅವು ತೆಳು ದಾರವನ್ನು ಹಿಡಿದು ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿದು ಎಳೆಯುತ್ತವೆ. ದಾರಗಳು ಒಂದರೊಳಗೊಂದು ಜಾರಿ ಮನೆ ಚಿಕ್ಕದಾಗುತ್ತದೆ. ಲಕ್ಷಾಂತರ ಮನೆಗಳು ಒಟ್ಟಿಗೆ ಚಿಕ್ಕದಾದರೆ ಸ್ನಾಯು ಕುಗ್ಗುತ್ತದೆ. 1954ರ ಮೇ ತಿಂಗಳಲ್ಲಿ ಈ ಜಾರುದಾರದ ಕಥೆಯನ್ನು ಎರಡು ಬೇರೆ ಬೇರೆ ತಂಡಗಳು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಒಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್, ಇನ್ನೊಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ.

ಈಗ ಊರ ಹಬ್ಬದ ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಗೆಲ್ಲುತ್ತಿರುವ ತಂಡ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ ಕೈ ಬದಲಿಸುತ್ತಿರಬೇಕು. ಯಾವ ಕ್ಷಣದಲ್ಲಿ ನೋಡಿದರೂ ಕೆಲವರ ಕೈ ಹಗ್ಗದ ಮೇಲಿರುವುದಿಲ್ಲ. ಹಗ್ಗ ಬೇಗ ಬಂದಷ್ಟೂ ಖಾಲಿ ಕೈಗಳು ಹೆಚ್ಚು, ಒಟ್ಟು ಬಲ ಕಡಿಮೆ. ಎರಡೂ ಕಡೆ ಸಮಸಮವಾಗಿ ನಿಂತುಬಿಟ್ಟರೆ ಎಲ್ಲರ ಕೈಯೂ ಹಗ್ಗದ ಮೇಲಿರುತ್ತದೆ, ಬಲ ಹೆಚ್ಚುತ್ತದೆ. ಇನ್ನು ಸೋಲುತ್ತಿರುವ ತಂಡವನ್ನು ನೋಡಿ. ಹಿಮ್ಮಡಿ ಊರಿ, ಹಿಡಿದ ಹಗ್ಗ ಬಿಡದೆ, ಮಣ್ಣಿನಲ್ಲಿ ಗೀರು ಎಳೆಯುತ್ತಾ ಜಾರುತ್ತಿರುತ್ತದೆ. ಅವರ ತೋಳುಗಳ ಮೇಲಿನ ಬಿಗಿತ ಎಲ್ಲಕ್ಕಿಂತ ಹೆಚ್ಚು. ಕೈ ಬದಲಿಸುವ ಶ್ರಮ ಮಾತ್ರ ಅವರಿಗಿಲ್ಲ.

ಕೊಕ್ಕೆಗಳ ಕಥೆಯೂ ಇದೇ. ಸ್ನಾಯು ಬೇಗ ಕುಗ್ಗುವಾಗ ಹಿಡಿದುಕೊಂಡಿರುವ ಕೊಕ್ಕೆಗಳು ಕಡಿಮೆ, ಆದ್ದರಿಂದ ಬಲವೂ ಕಡಿಮೆ. ನಿಂತಲ್ಲೇ ಹಿಡಿದಾಗ ಹೆಚ್ಚು. ಹೊರಗಿನ ಭಾರ ಅದನ್ನು ಹಿಗ್ಗಿಸುವಾಗ, ಹಿಡಿದ ಕೊಕ್ಕೆಗಳು ತಾವೂ ಎಳೆದುಕೊಂಡು ಬಿಗಿಯುವುದರಿಂದ ಇನ್ನೂ ಹೆಚ್ಚು. ಒಂಟಿ ಸ್ನಾಯುವನ್ನು ಪ್ರಯೋಗಾಲಯದಲ್ಲಿ ಎಳೆದು ನೋಡಿದರೆ, ನಿಂತ ಬಲದ ಒಂದೂವರೆ ಪಟ್ಟು ಅಥವಾ ಅದಕ್ಕೂ ಮೀರಿದ ಭಾರವನ್ನು ಅದು ತಡೆಯುತ್ತದೆ. ಹೀಗೆ ತಡೆದ ಕೊಕ್ಕೆಗಳು ತಾವಾಗಿ ಎಳೆದಿಲ್ಲವಾದ್ದರಿಂದ ಇಂಧನದ ಖರ್ಚೂ ಕಡಿಮೆ.

ವೇಗ ಹೆಚ್ಚಿದಂತೆ ಬಲ ಕುಸಿಯುತ್ತದೆ ಎಂಬ ಈ ಲೆಕ್ಕವನ್ನು ಕಪ್ಪೆಯ ತೊಡೆಯ ಸ್ನಾಯುವಿನಲ್ಲಿ ಅಳೆದು 1938ರಲ್ಲಿ ಪ್ರಕಟಿಸಿದವರು ಎ.ವಿ. ಹಿಲ್. 1922ರ ನೊಬೆಲ್ ಪುರಸ್ಕಾರ ಪಡೆದ ಈ ವಿಜ್ಞಾನಿಯೇ 1943–44ರಲ್ಲಿ ಭಾರತಕ್ಕೆ ಬಂದು ಇಲ್ಲಿನ ವಿಜ್ಞಾನ ಸಂಶೋಧನೆ ಹೇಗೆ ಬೆಳೆಯಬೇಕೆಂದು ವರದಿ ಕೊಟ್ಟವರು. ಅವರ ಲೆಕ್ಕವನ್ನು ಕೈಯಾರೆ ಅನುಭವಿಸಬೇಕೆಂದರೆ ಒಂದು ಗೋಣಿ ಅಕ್ಕಿಯನ್ನೂ ಒಂದು ಖಾಲಿ ಗೋಣಿಯನ್ನೂ ಎತ್ತಿ ನೋಡಿ. ಖಾಲಿಯದು ಗಾಳಿಯಂತೆ ಮೇಲೇಳುತ್ತದೆ. ತುಂಬಿದ್ದು ನಿಧಾನಕ್ಕೇ ಏಳಬೇಕು.

ಜಿಗಿತದ ಸಮಸ್ಯೆ ಈಗ ಸ್ಪಷ್ಟವಾಯಿತು. ಜಿಗಿಯಲು ಬಲವೂ ಬೇಕು, ವೇಗವೂ ಬೇಕು. ಸ್ನಾಯುವಾದರೋ ಒಂದನ್ನು ಕೊಟ್ಟರೆ ಇನ್ನೊಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ದೇಹ ಈ ಕಟ್ಟಿನಿಂದ ಹೇಗೆ ಪಾರಾಗುತ್ತದೆ ಎಂಬುದೇ ಮುಂದಿನ ಕಥೆ.

ಮೊದಲ ಲಾಭ: ಸಮಯ

ಸ್ನಾಯುವಿಗೆ ಅಪ್ಪಣೆ ಬಂದ ಕೂಡಲೇ ಪೂರ್ತಿ ಬಲ ಬರುವುದಿಲ್ಲ. ನರದಿಂದ ಸುದ್ದಿ ಬರಬೇಕು, ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹರಡಬೇಕು, ಕೊಕ್ಕೆಗಳು ಒಂದೊಂದಾಗಿ ಹಿಡಿಯಬೇಕು, ಸಡಿಲವಾಗಿದ್ದದ್ದು ಬಿಗಿಯಬೇಕು. ತೊಡೆಯಂಥ ದೊಡ್ಡ ಸ್ನಾಯು ಪೂರ್ಣ ಬಲಕ್ಕೆ ಬರಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ನೆಲ ಬಿಡುವ ಮುಂಚೆ ಮೇಲಕ್ಕೆ ಒದೆಯುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ತಗ್ಗಿ ನಿಂತಲ್ಲಿಂದ ಜಿಗಿದವರ ಬಲ ಪೂರ್ತಿ ಏರುವ ಹೊತ್ತಿಗೆ ಜಿಗಿತದ ಬಹುಪಾಲು ಮುಗಿದೇ ಹೋಗಿರುತ್ತದೆ.

ಗೋಡೆಯ ಪಕ್ಕದ ಆ ಎರಡು ಜಿಗಿತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಮೂರು ಎಣಿಸುತ್ತಾ ನಿಂತಿದ್ದಾಗ ಪಾದಗಳು ನೆಲವನ್ನು ಒತ್ತುತ್ತಿದ್ದದ್ದು ಮೈಭಾರದಷ್ಟು ಮಾತ್ರ. ಒದೆತ ಶುರುವಾದದ್ದು ಅಲ್ಲಿಂದ. ಎರಡನೆಯದರಲ್ಲಿ ಕೆಳಗಿಳಿಯುತ್ತಿದ್ದ ಮೈಯನ್ನು ತಡೆಯಬೇಕಿತ್ತು. ಆದ್ದರಿಂದ ಅತ್ಯಂತ ಕೆಳಗಿನ ಕ್ಷಣದಲ್ಲಿ ಪಾದಗಳು ಮೈಭಾರದ ಸುಮಾರು ಎರಡು ಪಟ್ಟು ಒತ್ತುತ್ತಿದ್ದವು. ಮೇಲಕ್ಕೆ ಹೋಗುವ ಮೊದಲ ಕೂದಲೆಳೆ ದೂರದಲ್ಲೇ ಕಾಲಿನಲ್ಲಿ ದೊಡ್ಡ ಬಲವಿತ್ತು. ತಡೆಯುವ ಕೆಲಸ ದಂಡವಲ್ಲ, ಬಲ ಏರುವುದಕ್ಕೆ ಸಿಕ್ಕ ಸಮಯ.

ನೀರು ಸೇದುವವರು ಹಗ್ಗದ ಸಡಿಲವನ್ನು ಮೊದಲೇ ಎಳೆದುಕೊಂಡು ಬಿಗಿ ಮಾಡಿಕೊಳ್ಳುವ ಹಾಗೆ ಇದು. ನೆದರ್ಲೆಂಡ್ಸಿನ ಮಾರ್ಟನ್ ಬಾಬರ್ಟ್ ಮತ್ತು ಸಂಗಡಿಗರು 1996ರಲ್ಲಿ ಈ ಎರಡೂ ಬಗೆಯ ಜಿಗಿತಗಳನ್ನು ಹೋಲಿಸಿ, ತಗ್ಗಿ ಚಿಮ್ಮುವುದರ ಲಾಭದಲ್ಲಿ ದೊಡ್ಡ ಪಾಲು ಈ ಸಮಯದ್ದೇ ಎಂದು ವಾದಿಸಿದರು.

ಎರಡನೆಯ ಲಾಭ: ಗೋಲಿ ಆಡುವ ಬೆರಳು

ನಮ್ಮ ಊರುಗಳಲ್ಲಿ ಗೋಲಿ ಆಡುವ ಹುಡುಗರು ಗೋಲಿಯನ್ನು ಎಸೆಯುವುದಿಲ್ಲ, ಹೊಡೆಯುತ್ತಾರೆ. ಎಡಗೈ ಬೆರಳಿನ ತುದಿಗೆ ಗೋಲಿ ಇಟ್ಟು, ಬಲಗೈಯಿಂದ ಅದನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿ, ಗುರಿ ನೋಡಿ, ಪಟಕ್ಕನೆ ಬಿಡುತ್ತಾರೆ. ಬಾಗಿಸುವುದು ನಿಧಾನ, ಬಿಡುವುದು ಮಿಂಚು. ಅದೇ ಬೆರಳನ್ನು ಬಾಗಿಸದೆ ಬರಿದೇ ಆಡಿಸಿ ಗೋಲಿ ತಳ್ಳಿ ನೋಡಿ, ಒಂದು ಮಾರು ಹೋಗುವುದೂ ಕಷ್ಟ.

ಹಿಂದಕ್ಕೆ ಬಾಗಿದ ಬೆರಳು ಶಕ್ತಿಯನ್ನು ಕೂಡಿಟ್ಟದ್ದು ಎಲ್ಲಿ? ಬಹುಪಾಲು ಹಿಗ್ಗಿದ ರಜ್ಜುಗಳಲ್ಲಿ. ಸ್ನಾಯುವನ್ನು ಮೂಳೆಗೆ ಕಟ್ಟುವ ಬಿಳಿಯ, ಗಟ್ಟಿಯಾದ ಪಟ್ಟಿಗೆ ಸ್ನಾಯುರಜ್ಜು ಎಂದು ಹೆಸರು, ಆಸ್ಪತ್ರೆಯಲ್ಲಿ ಟೆಂಡನ್ ಎನ್ನುತ್ತಾರೆ. ನಿಮ್ಮ ಹಿಮ್ಮಡಿಯ ಮೇಲೆ ಹೆಬ್ಬೆರಳು–ತೋರುಬೆರಳಿನ ನಡುವೆ ಸಿಗುವ ಗಟ್ಟಿ ಹುರಿಯೇ ದೇಹದ ಅತಿ ಬಲವಾದ ರಜ್ಜು. ಇದು ಬರಿಯ ಕಟ್ಟುಹಗ್ಗವಲ್ಲ, ಸ್ಪ್ರಿಂಗ್. ಎಳೆದರೆ ಸ್ವಲ್ಪ ಹಿಗ್ಗುತ್ತದೆ, ಬಿಟ್ಟರೆ ಕೊಟ್ಟ ಶಕ್ತಿಯಲ್ಲಿ 90 ಪ್ರತಿಶತಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ.

70 ಕಿಲೋ ತೂಕದ ಓಟಗಾರನ ಒಂದೊಂದು ಹೆಜ್ಜೆಯಲ್ಲಿ ಹಿಮ್ಮಡಿಯ ರಜ್ಜು ಸುಮಾರು 35 ಜೂಲ್, ಅಂಗಾಲಿನ ಕಮಾನು ಸುಮಾರು 17 ಜೂಲ್ ಶಕ್ತಿಯನ್ನು ಹಿಡಿದಿಟ್ಟು ಮರಳಿಸುತ್ತವೆ ಎಂಬ ಲೆಕ್ಕ 1987ರಲ್ಲಿ ಪ್ರಕಟವಾಯಿತು. ಒಂದು ಕಿಲೋ ಬೆಲ್ಲವನ್ನು ಒಂದು ಮೀಟರ್ ಎತ್ತಲು ಬೇಕಾಗುವುದು ಸುಮಾರು 10 ಜೂಲ್. ಅಂದರೆ ಹೆಜ್ಜೆಗೊಮ್ಮೆ ಐದು ಕಿಲೋ ಬೆಲ್ಲವನ್ನು ಸೊಂಟದೆತ್ತರಕ್ಕೆ ಎತ್ತುವಷ್ಟು ಶಕ್ತಿ ಹೆಚ್ಚುಕಡಿಮೆ ಬಿಟ್ಟಿಯಾಗಿ ಬಂದಂತೆ.

ಕಾಂಗರೂ ಈ ವಿದ್ಯೆಯ ಮಹಾಪಂಡಿತ. ಡಾಸನ್ ಮತ್ತು ಟೇಲರ್ ಎಂಬ ಸಂಶೋಧಕರು ಕೆಂಪು ಕಾಂಗರೂಗಳಿಗೆ ಟ್ರೆಡ್‌ಮಿಲ್ಲಿನ ಮೇಲೆ ಕುಪ್ಪಳಿಸುವುದನ್ನು ಅಭ್ಯಾಸ ಮಾಡಿಸಿ, 1973ರಲ್ಲಿ ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಬೇರೆ ಪ್ರಾಣಿಗಳು ವೇಗ ಹೆಚ್ಚಿಸಿದಂತೆ ಹೆಚ್ಚು ಆಮ್ಲಜನಕ ಸೇವಿಸುತ್ತವೆ. ಕಾಂಗರೂ ಕುಪ್ಪಳಿಸಲು ತೊಡಗಿದ ಮೇಲೆ, ಅವರು ಅಳೆದ ವೇಗಗಳಲ್ಲಿ, ವೇಗ ಹೆಚ್ಚಿದರೂ ಖರ್ಚು ಏರಲಿಲ್ಲ. ಅದರ ಹಿಂಗಾಲಿನ ಉದ್ದನೆಯ ರಜ್ಜುಗಳು ಪ್ರತಿ ನೆಗೆತದ ಶಕ್ತಿಯನ್ನು ಮುಂದಿನ ನೆಗೆತಕ್ಕೆ ದಾಟಿಸುತ್ತಿದ್ದವು.

ಅಲ್ಟ್ರಾಸೌಂಡ್ ಯಂತ್ರ ಬಂದ ಮೇಲೆ ನಡೆಯುವ ಮನುಷ್ಯನ ಮೀನಖಂಡದ ಒಳಗನ್ನೂ ನೋಡಲು ಸಾಧ್ಯವಾಯಿತು. ಜಪಾನಿನ ಫುಕುನಾಗ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದಂತೆ, ಪಾದ ನೆಲದ ಮೇಲಿರುವಾಗ ಹಿಗ್ಗಿ ಕುಗ್ಗುವ ಕೆಲಸದಲ್ಲಿ ಹೆಚ್ಚಿನದನ್ನು ರಜ್ಜುವೇ ಮಾಡುತ್ತದೆ. ಸ್ನಾಯುವಿನ ಎಳೆಗಳು ಬಹುತೇಕ ಇದ್ದ ಉದ್ದದಲ್ಲೇ ಬಿಗಿಹಿಡಿದು ನಿಂತಿರುತ್ತವೆ.

ಹಿಲ್ ಅವರ ಲೆಕ್ಕವನ್ನು ಇಲ್ಲಿ ಮತ್ತೆ ನೆನೆಯಿರಿ. ಸ್ನಾಯು ಬಲಶಾಲಿಯಾಗಿರುವುದು ನಿಂತಾಗ ಅಥವಾ ಹಿಗ್ಗುವಾಗ. ವೇಗವಾಗಿ ಕುಗ್ಗುವಾಗ ಅದು ಬಡವ. ಆದ್ದರಿಂದ ದೇಹ ಕೆಲಸವನ್ನು ಹಂಚಿಕೊಂಡಿದೆ. ಸ್ನಾಯು ತಾನು ಬಲವಾಗಿರುವ ಹೊತ್ತಿನಲ್ಲಿ ಬಿಗಿಹಿಡಿದು ರಜ್ಜುವನ್ನು ಹಿಗ್ಗಿಸುತ್ತದೆ. ವೇಗ ಬೇಕಾದಾಗ ರಜ್ಜು ಚಿಮ್ಮುತ್ತದೆ. ರಜ್ಜುವಿಗೆ ಕೊಕ್ಕೆ ಬದಲಿಸುವ ಗೋಜಿಲ್ಲ, ಆದ್ದರಿಂದ ವೇಗದ ಭಯವೂ ಇಲ್ಲ. ಬಿಲ್ಲುಗಾರನ ತೋಳು ಮತ್ತು ಬಿಲ್ಲು ಹೀಗೇ ಕೆಲಸ ಹಂಚಿಕೊಳ್ಳುತ್ತವೆ. ಬಾಣವನ್ನು ಕೈಯಿಂದ ಎಸೆದರೆ ಹತ್ತಾರು ಹೆಜ್ಜೆ ಹೋದೀತು. ಅದೇ ತೋಳು ನಿಧಾನವಾಗಿ ಹೆದೆಯೆಳೆದು ಬಿಟ್ಟರೆ ಬಾಣ ಹೊಲ ದಾಟುತ್ತದೆ.

ಮೂರನೆಯ ಲಾಭ: ಮೂರನೆಯ ದಾರ

ಹಾಗಾದರೆ ಎಲ್ಲವೂ ಸಮಯ ಮತ್ತು ರಜ್ಜುವಿನದೇ ಮಹಿಮೆಯೇ? ರಜ್ಜುವನ್ನು ಕಳಚಿ, ಸಮಯದ ವ್ಯತ್ಯಾಸ ಇಲ್ಲದಂತೆ ಮಾಡಿ, ಬರಿಯ ಸ್ನಾಯುವಿನ ಎಳೆಯನ್ನೇ ಪರೀಕ್ಷಿಸಿದರೂ ಲಾಭದ ಒಂದು ಪಾಲು ಉಳಿದೇ ಇರುತ್ತದೆ. 1952ರಲ್ಲಿ ಅಬಟ್ ಮತ್ತು ಓಬೆರ್ ಇದನ್ನು ವಿವರಿಸಿದ್ದರು. ಕೆಲಸ ಮಾಡುತ್ತಿರುವ ಸ್ನಾಯುವನ್ನು ಹಿಗ್ಗಿಸಿ ಒಂದು ಉದ್ದದಲ್ಲಿ ನಿಲ್ಲಿಸಿ. ಇನ್ನೊಮ್ಮೆ ಹಿಗ್ಗಿಸದೆ ನೇರವಾಗಿ ಅದೇ ಉದ್ದದಲ್ಲಿ ಕೆಲಸ ಮಾಡಿಸಿ. ಉದ್ದ ಒಂದೇ ಆದರೂ ಹಿಗ್ಗಿ ಬಂದದ್ದು ಹೆಚ್ಚು ಬಲ ಕೊಡುತ್ತದೆ, ಹಿಗ್ಗುವುದು ನಿಂತ ಮೇಲೂ ಕೊಡುತ್ತಿರುತ್ತದೆ. ಹಿಗ್ಗಿದ್ದನ್ನು ಸ್ನಾಯು ನೆನಪಿಟ್ಟುಕೊಂಡಂತೆ! 1960ರ ದಶಕದಲ್ಲಿ ಮಿಲಾನಿನ ಜೊವಾನ್ನಿ ಕಾವಾನ್ಯಾ ಮತ್ತು ಸಂಗಡಿಗರು, ಮೊದಲು ಹಿಗ್ಗಿದ ಸ್ನಾಯು ನಂತರ ಕುಗ್ಗುವಾಗ ಹೆಚ್ಚು ಕೆಲಸ ಮಾಡುವುದನ್ನು ಅಳೆದರು.

ಎರಡೇ ದಾರಗಳ ಕಥೆಯಲ್ಲಿ ಈ ನೆನಪಿಗೆ ಜಾಗವಿರಲಿಲ್ಲ. ಬಿಟ್ಟುಹೋಗಿದ್ದದ್ದು ಮೂರನೆಯ ದಾರ. ಜಪಾನಿನ ಕೊಸ್ಕಾಕ್ ಮಾರುಯಾಮ ಮತ್ತು ಅಮೆರಿಕದ ಕ್ವಾನ್ ವಾಂಗ್ 1970ರ ದಶಕದಲ್ಲಿ ಅದನ್ನು ಬೇರೆ ಬೇರೆಯಾಗಿ ಗುರುತಿಸಿದರು. ಗ್ರೀಕ್ ಪುರಾಣದ ದೈತ್ಯರ ಹೆಸರಿನಿಂದ ಬಂದ ಟೈಟಿನ್ ಎಂಬ ಹೆಸರು ಅದಕ್ಕೆ ನಿಂತಿತು. ಹೆಸರಿಗೆ ತಕ್ಕಂತೆ ಇದು ನಮ್ಮ ದೇಹದ ಅತಿ ದೊಡ್ಡ ಪ್ರೋಟೀನು. ಇನ್ಸುಲಿನ್ 51 ಅಮೈನೋ ಆಮ್ಲಗಳ ಮಾಲೆಯಾದರೆ, ಟೈಟಿನ್ ಸುಮಾರು 30,000 ಮಣಿಗಳ ಸರ. ಸ್ನಾಯುಮನೆಯ ಗೋಡೆಯಿಂದ ನಡುಮನೆಯವರೆಗೆ ಹಬ್ಬಿರುವ ಈ ಸರದ ಒಂದು ಭಾಗ ಪಾಯಿಜಾಮಕ್ಕೆ ಪೋಣಿಸುವ ಎಲಾಸ್ಟಿಕ್‌ನಂತೆ ಹಿಗ್ಗುತ್ತದೆ.

ವಿಶೇಷವೆಂದರೆ ಈ ಎಲಾಸ್ಟಿಕ್‌ನ ಬಿಗಿ ಯಾವಾಗಲೂ ಒಂದೇ ಇರುವುದಿಲ್ಲ. ಸ್ನಾಯುವಿಗೆ ಅಪ್ಪಣೆ ಬಂದು ಕ್ಯಾಲ್ಸಿಯಂ ಹರಡಿದಾಗ ಟೈಟಿನ್ ಬಿರುಸಾಗುತ್ತದೆ. ಕೆನಡಾದ ಕ್ಯಾಲ್ಗರಿಯ ವಾಲ್ಟರ್ ಹೆರ್ಜೋಗ್ ಮತ್ತು ಸಂಗಡಿಗರ ವಿವರಣೆಯಂತೆ, ಆಗ ಟೈಟಿನ್ ಪಕ್ಕದ ತೆಳು ದಾರಕ್ಕೂ ಅಂಟಿಕೊಂಡು, ಹಿಗ್ಗಬಲ್ಲ ಭಾಗ ಗಿಡ್ಡವಾಗುತ್ತದೆ. ಉದ್ದನೆಯ ಎಲಾಸ್ಟಿಕ್‌ನ್ನು ನಡುವಿನಲ್ಲೇ ಬೆರಳಿಂದ ಹಿಡಿದು ಎಳೆದರೆ ಎಷ್ಟು ಬಿಗಿಯಾಗುತ್ತದೆ ಎಂದು ನಿಮಗೆ ಗೊತ್ತು. ಸುಮ್ಮನಿರುವ ಸ್ನಾಯುವನ್ನು ಎಳೆದರೆ ಸಡಿಲ ಎಲಾಸ್ಟಿಕ್, ಕೆಲಸದಲ್ಲಿರುವ ಸ್ನಾಯುವನ್ನು ಎಳೆದರೆ ಗಿಡ್ಡ, ಗಟ್ಟಿ ಎಲಾಸ್ಟಿಕ್. ಹಿಗ್ಗಿದ ನೆನಪು ಇರುವುದು ಅಲ್ಲಿ.

ತಡ ಮಾಡಿದರೆ ಕರಗುವ ಗಂಟು

ಈ ಮೂರೂ ಸೇರಿದ್ದಕ್ಕೆ ಹಿಗ್ಗು–ಕುಗ್ಗು ಚಕ್ರ ಎಂದು ಹೆಸರಿಡೋಣ. ಮೂರರಲ್ಲೂ ಹರಿಯುವ ಸೂತ್ರ ಒಂದೇ: ಬಿಗಿ ಮೊದಲು, ಓಟ ಆಮೇಲೆ. ಸ್ನಾಯು ಕುಗ್ಗಲು ಶುರುಮಾಡುವ ಮುಂಚೆಯೇ ಕೊಕ್ಕೆಗಳು ಹಿಡಿದಿರುತ್ತವೆ, ರಜ್ಜು ಹಿಗ್ಗಿರುತ್ತದೆ, ಮೂರನೆಯ ದಾರ ಬಿಗಿದಿರುತ್ತದೆ. ವೇಗದ ಹಾದಿಯಲ್ಲಿ ಬಲವನ್ನು ಹುಟ್ಟಿಸುವ ಕಷ್ಟವಿಲ್ಲ, ಹುಟ್ಟಿದ ಬಲವನ್ನು ಬಿಟ್ಟರಾಯಿತು.

ಆದರೆ ಈ ಬಿಗಿಯನ್ನು ಬಹಳ ಹೊತ್ತು ಇಟ್ಟುಕೊಳ್ಳಲಾಗದು. ಇನ್ನೊಂದು ಸಲ ಗೋಡೆಯ ಬಳಿ ಹೋಗಿ, ತಗ್ಗಿದ ಮೇಲೆ ಒಂದೆರಡು ಸೆಕೆಂಡು ತಡೆದು ಜಿಗಿಯಿರಿ. ಗುರುತು ಮತ್ತೆ ಕೆಳಗೆ ಬೀಳುತ್ತದೆ. ಎದೆಯ ಮೇಲಿಂದ ಭಾರ ಎತ್ತುವವರನ್ನು ಪರೀಕ್ಷಿಸಿದಾಗಲೂ, ಇಳಿಸಿದ ಭಾರವನ್ನು ಎದೆಯ ಬಳಿ ಒಂದು ಸೆಕೆಂಡು ತಡೆದರೆ ಲಾಭದ ಸುಮಾರು ಅರ್ಧ ಕರಗಿತ್ತು. ನಿಲ್ಲುತ್ತಲೇ ಕೊಕ್ಕೆಗಳು ಬಿಟ್ಟು ಹೊಸದಾಗಿ ಹಿಡಿಯುತ್ತವೆ, ರಜ್ಜು ಮತ್ತೆ ಗಿಡ್ಡವಾಗುತ್ತದೆ, ಕೂಡಿಟ್ಟ ಶಕ್ತಿ ಬಿಸಿಯಾಗಿ ಹೋಗುತ್ತದೆ.

ತರಬೇತುದಾರರು ಇದನ್ನು ಅಂಗಳದಲ್ಲೇ ಕಂಡುಕೊಂಡಿದ್ದರು. ಸೋವಿಯತ್ ಒಕ್ಕೂಟದ ಯೂರಿ ವೆರ್ಖೋಶಾನ್ಸ್ಕಿ 1960ರ ದಶಕದಲ್ಲಿ, ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಇಳಿದು, ಕಾಲು ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮುವ ಅಭ್ಯಾಸವನ್ನು ರೂಪಿಸಿದರು. ಇಂದು ಪ್ಲಯೋಮೆಟ್ರಿಕ್ಸ್ ಎಂಬ ಹೆಸರಿನಲ್ಲಿ ನಮ್ಮ ಕ್ರೀಡಾಂಗಣಗಳಲ್ಲಿ ನಡೆಯುವ ಕಸರತ್ತಿನ ಬೇರು ಅಲ್ಲಿದೆ. ಚಾಮುಂಡಿ ಬೆಟ್ಟದ ಇಳಿತ ಕಲಿಸಿದ ಪಾಠ ಇಲ್ಲೂ ಅನ್ವಯ: ಹಿಗ್ಗುವ ಸ್ನಾಯುವಿನ ಮೇಲೆ ಬೀಳುವ ಬಲ ದೊಡ್ಡದು. ಆದ್ದರಿಂದ ಹೊಸಬರು ಗಿಡ್ಡ ಎತ್ತರದಿಂದಲೇ ಶುರುಮಾಡಬೇಕು.

ಒಂದು ಗೊಂದಲವನ್ನೂ ಇಲ್ಲಿಯೇ ತಿಳಿಮಾಡಿಕೊಳ್ಳೋಣ. ಆಟಕ್ಕೆ ಮುಂಚೆ ಕಾಲು ಚಾಚಿ ನಿಮಿಷಗಟ್ಟಲೆ ಹಿಡಿದು ಕೂರುವ ಸ್ಟ್ರೆಚಿಂಗ್ ಬೇರೆ, ಈ ಅಧ್ಯಾಯದ ಹಿಗ್ಗುವಿಕೆ ಬೇರೆ. ಅಲ್ಲಿ ಹಿಗ್ಗುವುದು ಸುಮ್ಮನಿರುವ ಸ್ನಾಯು. ಅದನ್ನು ಒಂದು ನಿಮಿಷಕ್ಕೂ ಮೀರಿ ಹಿಡಿದರೆ, ತಕ್ಷಣದ ಬಲ ಸ್ವಲ್ಪ ಕುಗ್ಗುವುದೂ ಉಂಟು. ಇಲ್ಲಿ ಹಿಗ್ಗುವುದು ಬಲ ಹಾಕುತ್ತಿರುವ ಸ್ನಾಯು, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು.

ಈಗ ಗೋಡೆಯ ಮೇಲಿನ ಗುರುತುಗಳನ್ನು ಮತ್ತೊಮ್ಮೆ ನೋಡಿ. ಅವುಗಳ ನಡುವಿನ ಎರಡು ಬೆರಳಗಲ ಕಾಲಿಗೆ ಹೊಸದಾಗಿ ಸೇರಿದ ಬಲದಿಂದ ಬಂದದ್ದಲ್ಲ. ಇದ್ದ ಬಲವೇ ಹೊತ್ತಿಗೆ ಸರಿಯಾಗಿ ಒದಗಿದ್ದರಿಂದ ಬಂದದ್ದು. ಸೀಬೆಮರದ ಕೆಳಗೆ ನಿಂತ ಮಗುವಿಗೆ ಕೊಕ್ಕೆಯೂ ಗೊತ್ತಿಲ್ಲ, ಟೈಟಿನ್ನೂ ಗೊತ್ತಿಲ್ಲ. ಅದು ಸರಕ್ಕನೆ ತಗ್ಗುತ್ತದೆ, ತಗ್ಗಿದಲ್ಲಿ ಒಂದು ಗಳಿಗೆಯೂ ನಿಲ್ಲದೆ ಚಿಮ್ಮುತ್ತದೆ, ಕಾಯಿ ಕೈಗೆ ಬರುತ್ತದೆ.